ತೋಟದ ಬರೆಯಲ್ಲಿ ಕಂಡ ಪುಟ್ಟ ಹಲ್ಲಿ ಯಾವುದು? ಕೊಡಗಿನವರಿಗೊಂದು ಗುರುತಿಸುವ ದಾರಿ

ಮಳೆ ಕಡಿಮೆಯಾಗುತ್ತಿದ್ದ ಹಾಗೆ ನನಗೆ ಫೋಟೊಗಳು ಬರಲು ಶುರುವಾಗುತ್ತವೆ. ಹೆಚ್ಚಿನವು ಒಂದೇ ಥರ. ಕಾಫಿ ತೋಟದ ಬರೆ (ಕಡಿದಾದ ಮಣ್ಣಿನ ದಂಡೆ), ಪಾಚಿ ಹಿಡಿದ ಕಲ್ಲು, ಅದರ ಮೇಲೆ ಕಿರುಬೆರಳಿನಷ್ಟು ಉದ್ದದ ಕಂದು ಹಲ್ಲಿ. ಜೊತೆಗೆ ಅದೇ ಪ್ರಶ್ನೆ: "ಇದು ಮನೆಹಲ್ಲಿ ಅಲ್ಲ ಅಲ್ವಾ? ಅಪರೂಪದ್ದಾ? ಹೆಸರೇನು?"

ಫೋಟೊ ನೋಡಿದ ತಕ್ಷಣ ಹೆಸರು ಹೇಳಲು ಆಗುವುದಿಲ್ಲ. ಹಲ್ಲಿಯನ್ನು ಗುರುತಿಸುವುದು ಬಣ್ಣದಿಂದಲ್ಲ. ಕಣ್ಣು, ಬೆರಳು, ಬೆನ್ನಿನ ಹುರುಪೆ, ತೊಡೆಯ ಅಡಿಭಾಗ, ಇವುಗಳಿಂದ. ಬಂದ ಫೋಟೊದಲ್ಲಿ ಇವು ಯಾವುವೂ ಕಾಣುವುದಿಲ್ಲ. ಹಾಗಾಗಿ ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅಂತ ಒಂದೇ ಕಡೆ ಬರೆಯುತ್ತಿದ್ದೇನೆ. ಇಷ್ಟು ಮಾಡಿದರೆ ಹಲ್ಲಿಯ ಕುಲ ಯಾವುದು ಎಂದು ನೀವೇ ಹೇಳಬಲ್ಲಿರಿ. ಪ್ರಭೇದದ ಹತ್ತಿರಕ್ಕೂ ಹೋಗಬಹುದು.

ಕುಲ, ಪ್ರಭೇದ ಅಂದರೇನು? ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ಕೊಡಂದೇರ ಕಾರ್ಯಪ್ಪ, ಕೊಡಂದೇರ ತಿಮ್ಮಯ್ಯ. ಮೊದಲು ಬರುವುದು ಒಕ್ಕದ, ಅಂದರೆ ಮನೆತನದ ಹೆಸರು, ಆಮೇಲೆ ಆ ವ್ಯಕ್ತಿಯ ಹೆಸರು. ಜೀವಿಗಳ ವೈಜ್ಞಾನಿಕ ಹೆಸರೂ ಹೀಗೇ. ನೆಮಾಸ್ಪಿಸ್ ವಯನಾಡೆನ್ಸಿಸ್ ಅಂದರೆ 'ನೆಮಾಸ್ಪಿಸ್' ಕುಲ, ಅಂದರೆ ಒಕ್ಕ. 'ವಯನಾಡೆನ್ಸಿಸ್' ಪ್ರಭೇದ, ಅಂದರೆ ಆ ಒಕ್ಕದಲ್ಲಿ ಒಬ್ಬರು. ಕುಲಕ್ಕಿಂತ ಮೇಲಿನ ಹಂತ ಕುಟುಂಬ. ನಮ್ಮ ಮನೆಹಲ್ಲಿಗಳೂ ಬರೆಯ ಹಲ್ಲಿಗಳೂ ಗೆಕ್ಕೊನಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು.

ಈ ಲೇಖನದಲ್ಲಿ ಜಾಸ್ತಿ ಹೇಳುವುದು ನೆಮಾಸ್ಪಿಸ್ ಬಗ್ಗೆ. ಇವು ಹಗಲು ಓಡಾಡುವ ಹಲ್ಲಿಗಳು. ಪಶ್ಚಿಮ ಘಟ್ಟದಲ್ಲಿ ಇವುಗಳ ಹಲವು ಪ್ರಭೇದಗಳು ಸಣ್ಣ ಸಣ್ಣ ಜಾಗಕ್ಕೆ ಸೀಮಿತವಾಗಿವೆ. ಒಂದು ಬೆಟ್ಟಸಾಲಿನಲ್ಲಿ ಇದ್ದದ್ದು ಪಕ್ಕದ ಸಾಲಿನಲ್ಲಿ ಇಲ್ಲದಿರಬಹುದು. ಇವು ಅಪರೂಪ ಅನ್ನುವುದು ಈ ಅರ್ಥದಲ್ಲಿ. ಆ ಒಂದು ಜಾಗದಲ್ಲಿ ಬೇಕಾದಷ್ಟು ಕಾಣುತ್ತವೆ, ಅದು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ.

ಬೇಕಾದದ್ದು

ಹತ್ತಿರದ ಚಿತ್ರ ಚೆನ್ನಾಗಿ ತೆಗೆಯುವ ಫೋನ್. ಸಾಧ್ಯವಾದರೆ ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್, ಅಂದರೆ ಚಿಕ್ಕದನ್ನು ದೊಡ್ಡದಾಗಿ ತೋರಿಸುವ ಗಾಜು. ಒಂದು 10 ರೂಪಾಯಿ ನಾಣ್ಯ, ಒಂದು ಪುಟ್ಟ ನೋಟ್‌ಬುಕ್, ಪೆನ್ಸಿಲ್. ಮಳೆಗಾಲವಾದರೆ ಜಿಗಣೆಗೆ ಏನು ಹಚ್ಚಿಕೊಳ್ಳಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೂರು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಈ ಹಲ್ಲಿಗಳು ಇರುವ ಬಂಡೆ, ಬರೆಗಳಲ್ಲೇ ಗುಳಿಮಂಡಲ ಹಾವು ಸದ್ದಿಲ್ಲದೆ ಮಲಗಿರುತ್ತದೆ. ಆನೆ ಓಡಾಡುವ ತೋಟದಲ್ಲಿ ನಸುಕಿನಲ್ಲಿ, ಕತ್ತಲಾದ ಮೇಲೆ ಒಬ್ಬರೇ ಹೋಗಬೇಡಿ. ಹಲ್ಲಿಯನ್ನು ಹಿಡಿಯಬೇಡಿ. ಕಾಡುಪ್ರಾಣಿಯನ್ನು ಹಿಡಿದು ಸಂಗ್ರಹಿಸಬೇಕಾದರೆ ಸಂಶೋಧಕರೂ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳ ಒಳಗಂತೂ ಈ ಮಾತೇ ಬೇಡ.

1. ಹಲ್ಲಿಯೇ ಹೌದಾ ಅಂತ ಖಚಿತ ಮಾಡಿಕೊಳ್ಳಿ

ನನಗೆ ಬಂದ 'ಅಪರೂಪದ ಹಲ್ಲಿ'ಗಳಲ್ಲಿ ಕೆಲವು ಹಾವರಾಣಿ, ಕೆಲವು ಓತಿಕ್ಯಾತ. ಹಾವರಾಣಿಯ ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಹುರುಪೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಓತಿಕ್ಯಾತ ಕಣ್ಣು ಮುಚ್ಚಿ ತೆರೆಯುತ್ತದೆ. ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ ಈ ಗುಂಪಿನದೇ, ಹಲ್ಲಿ ಅಲ್ಲ.

ನಮ್ಮ ಹಲ್ಲಿಗಳಿಗೆ ಮುಚ್ಚುವ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕ ಪೊರೆ ಇರುತ್ತದೆ. ಧೂಳು ಕೂತರೆ ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತವೆ. ಚರ್ಮ ಮೃದು, ರವೆ ಉದುರಿಸಿದ ಹಾಗೆ ಸಣ್ಣ ಕಾಳುಗಳಿಂದ ತುಂಬಿರುತ್ತದೆ. ಇಷ್ಟು ಕಂಡರೆ ಮುಂದಿನ ಹಂತಕ್ಕೆ ಹೋಗಿ.

2. ಕಣ್ಣಿನ ಪಾಪೆ ನೋಡಿ

ಹಗಲು ಬೆಳಕಿನಲ್ಲಿ ಪಾಪೆ, ಅಂದರೆ ಕಣ್ಣಿನ ನಡುವಿನ ಕಪ್ಪು ಭಾಗ, ಹೇಗಿದೆ? ಬೆಕ್ಕಿನ ಕಣ್ಣಿನಂತೆ ನೆಟ್ಟಗಿನ ಸೀಳಾ, ಅಥವಾ ನಮ್ಮ ಕಣ್ಣಿನಂತೆ ದುಂಡಗಾ? ಮನೆಹಲ್ಲಿಯದು ಸೀಳು, ರಾತ್ರಿ ಬೇಟೆಯ ಪ್ರಾಣಿ ಅದು. ನೆಮಾಸ್ಪಿಸ್‌ನದು ದುಂಡು.

ತುಂಬ ಜನ ತಪ್ಪುವುದು ಇಲ್ಲೇ. ರಾತ್ರಿ ತೆಗೆದ ಫೋಟೊದಲ್ಲಿ ಮನೆಹಲ್ಲಿಯ ಪಾಪೆಯೂ ಅಗಲವಾಗಿ ತೆರೆದುಕೊಂಡು ದುಂಡಗೆ ಕಾಣುತ್ತದೆ. ಹಾಗಾಗಿ ಕಣ್ಣಿನ ಚಿತ್ರ ಹಗಲಲ್ಲೇ ತೆಗೆಯಿರಿ. ರಾತ್ರಿಯೇ ತೆಗೆಯಬೇಕಾದರೆ ಟಾರ್ಚ್ ಬೆಳಕು ಬಿಟ್ಟು ಕೆಲವು ಕ್ಷಣ ಕಾಯಿರಿ, ಸೀಳು ಇದ್ದರೆ ಕಿರಿದಾಗುತ್ತದೆ.

3. ಬೆರಳು ನೋಡಿ. ಇಲ್ಲಿ ಆತುರ ಬೇಡ

ಎಲ್ಲ ಹಂತಗಳಲ್ಲಿ ಇದೇ ಮುಖ್ಯ. ಒಂದೇ ಒಂದು ಫೋಟೊ ತೆಗೆಯಲು ಸಾಧ್ಯ ಅನ್ನುವುದಾದರೆ ಬೆರಳಿನದನ್ನೇ ತೆಗೆಯಿರಿ ಅನ್ನುತ್ತೇನೆ.

ಮನೆಹಲ್ಲಿ ಕಿಟಕಿಯ ಗಾಜಿನ ಆಚೆ ಬದಿಯಲ್ಲಿ ಕೂತಾಗ ಒಳಗಿನಿಂದ ಅದರ ಪಾದ ನೋಡಿ. ಬೆರಳು ತುದಿಯ ಕಡೆ ಅಗಲವಾಗಿರುತ್ತದೆ. ಅಡಿಯಲ್ಲಿ ಅಡ್ಡಡ್ಡ ಪಟ್ಟಿಗಳಿರುತ್ತವೆ. ಇವಕ್ಕೆ ಲ್ಯಾಮೆಲ್ಲೆ ಎನ್ನುತ್ತಾರೆ. ಈ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನಂಥ ಎಳೆಗಳಿವೆ, ಒಂದೊಂದು ಎಳೆಯ ತುದಿಯೂ ಮತ್ತೆ ನೂರಾರು ಕವಲಾಗಿದೆ. ಹಲ್ಲಿ ಗೋಡೆಗೆ ಅಂಟುವುದು ಅಂಟಿನಿಂದ ಅಲ್ಲ. ಆ ಕವಲುಗಳು ಗೋಡೆಗೆ ತೀರಾ ಹತ್ತಿರವಾದಾಗ ಅಣುಗಳ ನಡುವೆ ಹುಟ್ಟುವ ಸಣ್ಣ ಸೆಳೆತದಿಂದ. ವಿಜ್ಞಾನಿಗಳು ಇದನ್ನು ವ್ಯಾನ್ ಡರ್ ವಾಲ್ಸ್ ಬಲ ಎನ್ನುತ್ತಾರೆ.

ಈಗ ಬರೆಯ ಹಲ್ಲಿಯ ಬೆರಳು ನೋಡಿ. ಅಗಲವಾದ ಮೆತ್ತೆ ಇಲ್ಲ. ಸಪೂರ, ಉದ್ದ, ಗೆಣ್ಣಿನ ಹತ್ತಿರ ಬಾಗಿದ ಬೆರಳು, ತುದಿಯಲ್ಲಿ ಉಗುರು. ಹಕ್ಕಿಯ ಕಾಲು ನೆನಪಾಗುತ್ತದೆ. ನುಣ್ಣನೆಯ ಗಾಜಿಗಿಂತ ಒರಟು ಕಲ್ಲು, ತೊಗಟೆಗೆ ಹೇಳಿ ಮಾಡಿಸಿದ ಕಾಲು ಇದು.

ಕಣ್ಣು ಮತ್ತು ಬೆರಳು, ಈ ಎರಡನ್ನು ಸೇರಿಸಿದರೆ ನಮ್ಮ ಕಡೆ ನೋಡಬೇಕಾದ ನಾಲ್ಕು ಕುಲಗಳು ಬೇರೆಬೇರೆಯಾಗುತ್ತವೆ:

ಸೀಳು ಪಾಪೆ, ಅಗಲ ಬೆರಳು, ಪಟ್ಟಿಗಳು ನಡುವೆ ಎರಡಾಗಿ ಒಡೆದಿದ್ದರೆ ಹೆಮಿಡಾಕ್ಟೈಲಸ್. ಮನೆಹಲ್ಲಿಗಳು ಇದರಲ್ಲಿ ಬರುತ್ತವೆ.

ಸೀಳು ಪಾಪೆ, ಅಗಲ ಬೆರಳು, ಆದರೆ ಪಟ್ಟಿಗಳು ಒಡೆಯದೆ ಇಡಿಯಾಗಿದ್ದರೆ, ಬೆನ್ನೂ ಗಂಟುಗಳಿಲ್ಲದೆ ಒಂದೇ ಸಮ ಇದ್ದರೆ, ದ್ರಾವಿಡೋಗೆಕ್ಕೊ.

ಸೀಳು ಪಾಪೆ, ಸಪೂರ ಬೆರಳು, ರಾತ್ರಿ ತರಗೆಲೆಯ ಮೇಲೆ ನಿಧಾನ ನಡೆಯುತ್ತಿದ್ದರೆ ಸಿರ್ಟೊಡಾಕ್ಟೈಲಸ್ ಎಂಬ ನೆಲಹಲ್ಲಿ. ಕೊಳ್ಳೇಗಾಲದ ಹೆಸರು ಹೊತ್ತ ಪ್ರಭೇದವೇ ಇದರಲ್ಲಿದೆ.

ದುಂಡು ಪಾಪೆ, ಸಪೂರ ಬೆರಳು, ಹಗಲು ಓಡಾಟ: ನೆಮಾಸ್ಪಿಸ್.

ದ್ರಾವಿಡೋಗೆಕ್ಕೊ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕುಲವನ್ನು ಹೆಸರಿಸಿದ್ದು 1933ರಲ್ಲಿ. ಬಹಳ ಕಾಲ ಇದರಲ್ಲಿ ಒಂದೇ ಪ್ರಭೇದ ಇದೆ ಎಂದು ನಂಬಿದ್ದರು. 2019ರಲ್ಲಿ ಒಂದೇ ಸಲಕ್ಕೆ ಆರು ಹೊಸ ಪ್ರಭೇದಗಳನ್ನು ವಿವರಿಸಿದರು, ಅಂದರೆ ಲಕ್ಷಣ ಬರೆದು ಹೆಸರಿಟ್ಟರು. ಅವುಗಳಲ್ಲಿ ಒಂದಕ್ಕೆ ತಲಶ್ಶೇರಿಯಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಹೆಸರಿದೆ. ಇನ್ನೊಂದು ನಮ್ಮ ಪಕ್ಕದ ವಯನಾಡಿನದು. ರಾತ್ರಿ ಹಳೆಯ ಮನೆಯ ಗೋಡೆಯಲ್ಲಿ, ಮರದ ಬುಡದಲ್ಲಿ ಬೆನ್ನು ನುಣುಪಾಗಿರುವ ಹಲ್ಲಿ ಕಂಡರೆ 'ಮನೆಹಲ್ಲಿ ತಾನೆ' ಅಂತ ಬಿಡಬೇಡಿ. ಪಾದದ ಅಡಿಯ ಚಿತ್ರಕ್ಕೆ ಪ್ರಯತ್ನಿಸಿ.

4. ಬೆನ್ನು ಮತ್ತು ಪಕ್ಕೆಯ ಹುರುಪೆ

ನೆಮಾಸ್ಪಿಸ್ ಅಂತ ಗೊತ್ತಾದ ಮೇಲೆ ಬೆನ್ನನ್ನು ನೇರ ಮೇಲಿನಿಂದ ತೆಗೆಯಿರಿ. ಆಮೇಲೆ ಪಕ್ಕೆ. ಫೋಟೊವನ್ನು ಹಿಗ್ಗಿಸಿ ಎರಡು ಪ್ರಶ್ನೆ ಕೇಳಿ.

ಬೆನ್ನಿನ ಕಾಳುಗಳೆಲ್ಲ ಒಂದೇ ಅಳತೆಯವಾ, ಅಥವಾ ಸಣ್ಣ ಕಾಳುಗಳ ನಡುವೆ ಅಲ್ಲಲ್ಲಿ ದೊಡ್ಡ ಗಂಟುಗಳಿವೆಯಾ? ಉತ್ತರ ಕನ್ನಡದ ಗುಂದದಿಂದ 2002ರಲ್ಲಿ ವಿವರಿಸಿದ ನೆಮಾಸ್ಪಿಸ್ ಹೆಟೆರೊಫೋಲಿಸ್ ಎಂಬ ಪ್ರಭೇದದ ಹೆಸರಿನ ಅರ್ಥವೇ 'ಬೇರೆಬೇರೆ ಹುರುಪೆಯದು'. ಇದಕ್ಕೆ ಎದುರು, ಕರಾವಳಿ ಕಡೆಯ ನೆಮಾಸ್ಪಿಸ್ ಲಿಟ್ಟೊರಾಲಿಸ್‌ನ ಬೆನ್ನು ಒಂದೇ ಸಮ.

ಪಕ್ಕೆಯಲ್ಲಿ ಚೂಪಾದ ಮುಳ್ಳಿನಂಥ ಗಂಟುಗಳಿವೆಯಾ? ಬೆಂಗಳೂರಿನ ಕಡೆಯಿಂದ 1853ರಲ್ಲಿ ಜೆರ್ಡನ್ ಎಂಬ ಪ್ರಾಣಿವಿಜ್ಞಾನಿ ವಿವರಿಸಿದ ನೆಮಾಸ್ಪಿಸ್ ಮೈಸೂರಿಯೆನ್ಸಿಸ್‌ಗೆ ಇವೆ. ಕೆಲವು ಪ್ರಭೇದಗಳಿಗೆ ಇಲ್ಲವೇ ಇಲ್ಲ.

ಫ್ಲ್ಯಾಷ್ ಹಾಕಿದರೆ ಗಂಟುಗಳ ನೆರಳು ಅಳಿಸಿಹೋಗಿ ಬೆನ್ನು ಚಪ್ಪಟೆ ಕಾಣುತ್ತದೆ. ಪಕ್ಕದಿಂದ ಬೀಳುವ ಬೆಳಕೇ ಒಳ್ಳೆಯದು. ಬೇಕಾದರೆ ಜೊತೆಗಿದ್ದವರು ಟಾರ್ಚನ್ನು ಓರೆಯಾಗಿ ಹಿಡಿಯಲಿ.

ಬಣ್ಣವನ್ನೂ ಬರೆದುಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಒಂದೇ ಹಲ್ಲಿ ಬೆಳಿಗ್ಗೆ ಕಡುಕಂದು, ಮಧ್ಯಾಹ್ನ ಬೂದು ಆಗಬಹುದು. 'ನಿನ್ನೆ ನೋಡಿದ್ದು ಬೇರೆ, ಇವತ್ತಿನದು ಬೇರೆ' ಎಂದು ಬಂದ ಎರಡು ಫೋಟೊಗಳಲ್ಲಿ ಬೆನ್ನಿನ ಚುಕ್ಕೆಗಳನ್ನು ಒಂದೊಂದಾಗಿ ಹೋಲಿಸಿದಾಗ ಒಂದೇ ಹಲ್ಲಿ ಎಂದು ಗೊತ್ತಾದದ್ದುಂಟು.

5. ಗಂಟಲು, ತೊಡೆಯ ಅಡಿ

ನೆಮಾಸ್ಪಿಸ್‌ನ ಹಲವು ಪ್ರಭೇದಗಳಲ್ಲಿ ಗಂಡಿನ ಗಂಟಲಿಗೆ ಹಳದಿ ಅಥವಾ ಕಿತ್ತಳೆಯ ಬಣ್ಣ ಇರುತ್ತದೆ, ಹೆಣ್ಣು ಮಂಕು ಕಂದು. ಗಂಡು ಹೆಣ್ಣನ್ನು ಎರಡು ಪ್ರಭೇದ ಎಂದು ತಿಳಿಯುವ ತಪ್ಪು ಇದರಿಂದಲೇ ಆಗುತ್ತದೆ. ಒಂದೇ ಬರೆಯಲ್ಲಿ ಎರಡು ಬಣ್ಣದವು ಕಂಡರೆ ಮೊದಲು ಇದನ್ನು ಯೋಚಿಸಿ.

ಗಂಡಿನ ತೊಡೆಯ ಅಡಿಯಲ್ಲಿ, ಮಲದ್ವಾರದ ಮುಂದೆ, ಸಾಲಾಗಿ ಸಣ್ಣ ರಂಧ್ರಗಳಿರುತ್ತವೆ. ತೊಡೆಯಲ್ಲಿ ಇರುವವು ಫೀಮರಲ್ ರಂಧ್ರ, ಮಲದ್ವಾರದ ಮುಂದಿನವು ಪ್ರೀಕ್ಲೊಯೇಕಲ್ ರಂಧ್ರ. ಇವುಗಳಿಂದ ಮೇಣದಂಥ ವಾಸನೆಯ ವಸ್ತು ಒಸರುತ್ತದೆ. ಯಾವ ಜಾಗದಲ್ಲಿ ಇವೆ, ಎರಡೂ ಇವೆಯಾ ಒಂದೇ ಇದೆಯಾ, ಎಷ್ಟಿವೆ ಅನ್ನುವುದು ಪ್ರಭೇದ ನಿರ್ಧರಿಸಲು ತುಂಬ ಮುಖ್ಯ.

ಆದರೆ ಇದನ್ನು ನೋಡಬೇಕಾದರೆ ಹಲ್ಲಿಯನ್ನು ಹಿಡಿದು ಮಗುಚಬೇಕು. ಅದನ್ನು ನೀವು ಮಾಡಬೇಡಿ. ಹಿಡಿದರೆ ಬಾಲ ಕಳಚುತ್ತದೆ. ಬಾಲದಲ್ಲಿ ಕೂಡಿಟ್ಟ ಕೊಬ್ಬೂ ಹೋಗುತ್ತದೆ. ಇಷ್ಟು ಪುಟ್ಟ ಪ್ರಾಣಿಗೆ ಅದು ಸಣ್ಣ ನಷ್ಟವಲ್ಲ. ಬಂಡೆಯ ಚಾಚಿನ ಅಡಿಯಲ್ಲಿ ತಲೆಕೆಳಗಾಗಿ ಕೂತ ಹಲ್ಲಿ ಸಿಕ್ಕರೆ, ಕೆಳಗಿನಿಂದ ಗಂಟಲಿನ ಚಿತ್ರ ತೆಗೆಯಿರಿ. ಅಷ್ಟು ಸಾಕು. ರಂಧ್ರ ಎಣಿಸುವ ಕೆಲಸ ಅನುಮತಿ ಇರುವವರದು.

6. ಬಾಲ ಮತ್ತು ಅಳತೆ

ಬಾಲದ ಮೇಲೆ ಪಟ್ಟೆ ಇದೆಯಾ ನೋಡಿ. ಬಾಲದ ಒಂದು ಭಾಗದಿಂದಾಚೆ ಪಟ್ಟೆಯೂ ಗಂಟುಗಳೂ ಇದ್ದಕ್ಕಿದ್ದಂತೆ ನಿಂತು, ಒಂದೇ ಬಣ್ಣದ ನುಣುಪು ಬಾಲ ಶುರುವಾದರೆ ಅದು ಕಳಚಿ ಮತ್ತೆ ಬೆಳೆದದ್ದು. ಅದರ ಮೇಲಿನ ಯಾವ ಲಕ್ಷಣವೂ ಲೆಕ್ಕಕ್ಕಿಲ್ಲ.

ಇದೇ ಕಾರಣಕ್ಕೆ ವಿಜ್ಞಾನಿಗಳು ಹಲ್ಲಿಯನ್ನು ಬಾಲ ಸೇರಿಸಿ ಅಳೆಯುವುದಿಲ್ಲ. ಮೂತಿಯ ತುದಿಯಿಂದ ಮಲದ್ವಾರದ ಸೀಳಿನವರೆಗೆ ಅಳೆಯುತ್ತಾರೆ. ನಮ್ಮ ನೆಮಾಸ್ಪಿಸ್‌ಗಳಲ್ಲಿ ಹೆಚ್ಚಿನವುಗಳಿಗೆ ಈ ಅಳತೆ 60 ಮಿ.ಮೀ. ಒಳಗೇ. ಕೆಲವು ಬೆಳೆದ ಮೇಲೂ 35 ಮಿ.ಮೀ. ದಾಟುವುದಿಲ್ಲ, ಹಾಗಾಗಿ ಚಿಕ್ಕದೆಲ್ಲ ಮರಿ ಎಂದುಕೊಳ್ಳಬೇಡಿ.

ಹಿಡಿಯದೆ ಅಳೆಯುವುದು ಹೇಗೆ? ಹಲ್ಲಿ ಕೂತಲ್ಲೇ ಫೋಟೊ ತೆಗೆಯಿರಿ. ಅದು ಹೋದ ಮೇಲೆ ಅದೇ ಜಾಗದಲ್ಲಿ 10 ರೂಪಾಯಿ ನಾಣ್ಯ ಇಟ್ಟು, ಅದೇ ದೂರದಿಂದ ಇನ್ನೊಂದು ತೆಗೆಯಿರಿ. ನಾಣ್ಯದ ಅಡ್ಡಳತೆ 27 ಮಿ.ಮೀ. ಎರಡೂ ಚಿತ್ರದಲ್ಲಿ ಕಾಣುವ ಕಲ್ಲಿನ ಕಲೆ, ಪಾಚಿಯ ಗುರುತು ಹಿಡಿದು ಹೋಲಿಸಿದರೆ ಅಳತೆ ಹತ್ತಿರ ಹತ್ತಿರ ಸಿಗುತ್ತದೆ.

7. ಜಾಗ ಬರೆದುಕೊಳ್ಳಿ

ನನಗೆ ಬರುವ ಫೋಟೊಗಳಲ್ಲಿ ಯಾವಾಗಲೂ ಇಲ್ಲದ್ದು ಇದು. 'ಕೂರ್ಗ್' ಅಂತ ಮಾತ್ರ ಬರೆದರೆ ಏನೂ ಉಪಯೋಗವಿಲ್ಲ. ಸೋಮವಾರಪೇಟೆಯ ಉತ್ತರ ಅಂಚಿಗೂ ಬ್ರಹ್ಮಗಿರಿಯ ಇಳಿಜಾರಿಗೂ ಹಲ್ಲಿಗಳ ಲೋಕದಲ್ಲಿ ಬಹಳ ದೂರ.

ಬರೆಯಬೇಕಾದ್ದು: ದಿನಾಂಕ, ಹೊತ್ತು, ಊರು, ಫೋನ್ ತೋರಿಸುವ ಎತ್ತರ. ಹಲ್ಲಿ ಕೂತದ್ದು ಬಂಡೆಯಾ, ಮಣ್ಣಿನ ಬರೆಯಾ, ಮರವಾ, ಮೋರಿಯ ಒಳಗೋಡೆಯಾ, ತರಗೆಲೆಯಾ? ಮರವಾದರೆ ಕಾಡುಮರವಾ, ಸಿಲ್ವರ್ ಓಕಾ? ನೆಲದಿಂದ ಎಷ್ಟು ಎತ್ತರ? ಒಂದೇ ಇತ್ತಾ, ಹಲವು ಇದ್ದವಾ? ತೋಟವಾ, ದೇವರಕಾಡಾ? ಕೊಡಗಿನಲ್ಲಿ ದೇವರಕಾಡುಗಳು ಸಾವಿರಕ್ಕೂ ಹೆಚ್ಚಿವೆ. ಸುತ್ತ ತೋಟವಾದರೂ ಒಳಗೆ ಹಳೆಯ ಮರ, ನೆರಳು, ತೇವ ಉಳಿದಿರುವ ಜಾಗ ಅವು. ಅಲ್ಲಿನ ಪದ್ಧತಿ ಕೇಳಿಕೊಂಡು, ಹೊರ ಅಂಚಿನಲ್ಲೇ ನಿಂತು ನೋಡಿದರೂ ಸಾಕು.

ಹುಡುಕಲು ಬೆಳಗಿನ ಹೊತ್ತು ಚೆನ್ನ. ನೆರಳಿರುವ, ತೇವ ಆರದ, ನೆಟ್ಟಗಿನ ಜಾಗ ನೋಡಿ. ನಿಮ್ಮನ್ನು ಕಂಡ ಕೂಡಲೇ ಹಲ್ಲಿ ಸಂದಿಗೆ ಓಡುತ್ತದೆ. ಅಲುಗಾಡದೆ ನಿಲ್ಲಿ. ಸ್ವಲ್ಪ ಹೊತ್ತಿಗೆ ಮೊದಲು ಮೂತಿ, ಆಮೇಲೆ ಮೈ ಹೊರಬರುತ್ತದೆ. ಸುಮ್ನೆ ಕಡ್ಡಿ ಹಾಕಿ ಕೆದಕಿದರೆ ಆ ದಿನ ಮತ್ತೆ ಕಾಣುವುದಿಲ್ಲ.

8. ಹೆಸರಿನ ಹತ್ತಿರ ಹೋಗಿ, ಆದರೆ ಅಂಟಿಸಿಬಿಡಬೇಡಿ

ಈಗ ಸುತ್ತಲಿನ ನಕ್ಷೆ ನೋಡೋಣ. ದಕ್ಷಿಣದ ವಯನಾಡಿನಿಂದ ಬೆಡ್ಡೋಮ್ ಎಂಬ ಅರಣ್ಯಾಧಿಕಾರಿ 1870ರಲ್ಲಿ ನೆಮಾಸ್ಪಿಸ್ ವಯನಾಡೆನ್ಸಿಸ್ ವಿವರಿಸಿದ. ನಮ್ಮವರು ಹರಕೆಗೆ ಹೋಗುವ ಕೇರಳದ ಕೊಟ್ಟಿಯೂರಿನ ಹೆಸರಿನಲ್ಲೇ ಒಂದಿದೆ, ನೆಮಾಸ್ಪಿಸ್ ಕೊಟ್ಟಿಯೂರೆನ್ಸಿಸ್, 2014ರಲ್ಲಿ ವಿವರಿಸಿದ್ದು. ಅದು ವಯನಾಡೆನ್ಸಿಸ್‌ಗೆ ಹತ್ತಿರದ ಸಂಬಂಧಿ, ನೆಲದಲ್ಲಿ ಇರುವಂಥದ್ದು. 2020ರಲ್ಲಿ ವಯನಾಡೆನ್ಸಿಸ್ ಗುಂಪಿನಿಂದಲೇ ಮತ್ತೆರಡು ಪ್ರಭೇದಗಳನ್ನು ಬೇರೆ ಮಾಡಿದರು. ಅದೇ ವರ್ಷ ಉತ್ತರದ ಸಕಲೇಶಪುರದ ಕಡೆಯಿಂದ ನೆಮಾಸ್ಪಿಸ್ ಮ್ಯಾಗ್ನಿಫಿಕಾ ಬಂತು.

ಕೊಡಗು ಇವೆಲ್ಲದರ ನಡುವೆ ಇದೆ. ಹಾಗಾಗಿ ಪುಸ್ತಕದ ಚಿತ್ರಕ್ಕೆ ಹೋಲುತ್ತದೆ ಎಂದು ನಿಮ್ಮ ಹಲ್ಲಿಗೆ 'ವಯನಾಡೆನ್ಸಿಸ್' ಎಂದು ಬರೆದುಬಿಡಬೇಡಿ. ನೋಡಲು ಒಂದೇ ಥರ ಇದ್ದು, ಡಿಎನ್‌ಎ ಹೋಲಿಸಿದಾಗ ಬೇರೆ ಎಂದು ತಿಳಿಯುವ ಪ್ರಭೇದಗಳು ಈ ಕುಲದಲ್ಲಿ ಬಹಳ. ಇವನ್ನು ಮರೆಮಾಚಿದ ಪ್ರಭೇದಗಳು ಎನ್ನುತ್ತಾರೆ.

ಕುಲದ ಮಟ್ಟದಲ್ಲೂ ಹೀಗೇ ಆಗಿದೆ. ಆಫ್ರಿಕಾದಲ್ಲಿ, ಆಗ್ನೇಯ ಏಷ್ಯಾದಲ್ಲಿ, ನಮ್ಮಲ್ಲಿ ಇರುವ ದುಂಡು ಕಣ್ಣಿನ ಸಪೂರ ಬೆರಳಿನ ಹಲ್ಲಿಗಳನ್ನೆಲ್ಲ ಮೊದಲು ನೆಮಾಸ್ಪಿಸ್ ಎಂದೇ ಕರೆದರು. ಡಿಎನ್‌ಎ ನೋಡಿದರೆ ಈ ಮೂರು ಗುಂಪುಗಳು ಹತ್ತಿರದ ಸಂಬಂಧಿಗಳೇ ಅಲ್ಲ. ಒಂದೇ ಥರದ ಬದುಕು ಒಂದೇ ಥರದ ಮೈ ಕೊಟ್ಟಿದೆ, ಅಷ್ಟೇ.

ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ 'ನೆಮಾಸ್ಪಿಸ್, ಪ್ರಭೇದ ಗೊತ್ತಿಲ್ಲ' ಎಂದು ಬರೆಯುವುದು ಸೋಲಲ್ಲ, ಸರಿಯಾದ ದಾಖಲೆ. ತಪ್ಪು ಹೆಸರು ಒಮ್ಮೆ ಸೇರಿದರೆ ಅದನ್ನು ನೋಡಿ ಇನ್ನೊಬ್ಬರು ಅದೇ ಹೆಸರು ಬರೆಯುತ್ತಾರೆ, ಆಮೇಲೆ ಬಿಡಿಸುವುದು ಕಷ್ಟ.

9. ದಾಖಲಿಸಿ

ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಖಾತೆ ತೆರೆದು ಎಲ್ಲ ಫೋಟೊಗಳನ್ನೂ ಒಂದೇ ದಾಖಲೆಯಾಗಿ ಹಾಕಿ: ಕಣ್ಣು, ಬೆರಳು, ಬೆನ್ನು, ಪಕ್ಕೆ, ಬಾಲ, ಕೂತ ಜಾಗ. ಆ್ಯಪ್ ತಾನೇ ಸೂಚಿಸುವ ಪ್ರಭೇದದ ಹೆಸರನ್ನು ಒತ್ತಬೇಡಿ, ಕುಲದ ಹೆಸರಷ್ಟೇ ಆರಿಸಿ. ಜಾಗದ ಆಯ್ಕೆಯಲ್ಲಿ ನಿಖರ ಸ್ಥಳ ಎಲ್ಲರಿಗೂ ಕಾಣದ ಹಾಗೆ ಮಸುಕು ಮಾಡುವ ಸೌಲಭ್ಯ ಇದೆ. ಅದನ್ನು ಬಳಸಿ. ಅಪರೂಪದ ಹಲ್ಲಿಗಳನ್ನು ಸಾಕಲು ಹಿಡಿದು ಮಾರುವವರು ಇದ್ದಾರೆ. 'ದೊಡ್ಡ ಹಲ್ಲಿಗೆ ಲಕ್ಷಗಟ್ಟಲೆ ಬೆಲೆ' ಎಂದು ಯಾರಾದರೂ ತೋಟಕ್ಕೆ ಬಂದರೆ ಮಾತು ಮುಂದುವರಿಸದೆ ಅರಣ್ಯ ಇಲಾಖೆಗೆ ತಿಳಿಸಿ.

ಮತ್ತೆ ಮತ್ತೆ ಬರುವ ಇನ್ನೆರಡು ಪ್ರಶ್ನೆ

ವಿಷ ಇದೆಯಾ? ಇಲ್ಲ. ಮನೆಹಲ್ಲಿಗೂ ಇಲ್ಲ, ಬರೆಯ ಹಲ್ಲಿಗೂ ಇಲ್ಲ. ಆದರೆ ಹಲ್ಲಿಗಳ ಮೈಯಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಹೊಟ್ಟೆ ಕೆಡಿಸುತ್ತದೆ. ಹಲ್ಲಿ ಬಿದ್ದ ಅಡುಗೆ ಚೆಲ್ಲುವುದು ಸರಿಯೇ. ಕಲ್ಲು, ತೊಗಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ತೋಟದಲ್ಲಿ ಉಳಿಸಲು ಏನು ಮಾಡಬೇಕು? ಹಳೆಯ ಕಲ್ಲುಕಟ್ಟೆಗಳ ಸಂದಿಗೆ ಸಿಮೆಂಟು ಮೆತ್ತಬೇಡಿ. 2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಬರೆಗೆ ತಡೆಗೋಡೆ ಬೇಡ ಅಂತ ನಾನು ಹೇಳಲಾರೆ. ಕಟ್ಟುವಾಗ ನೀರು ಹೋಗುವ ತೂತುಗಳನ್ನು ಮುಚ್ಚದೆ ಬಿಡಿ. ಗೋಡೆ ನಿಲ್ಲಲೂ ಅವು ಬೇಕು, ಹಲ್ಲಿಗೂ ಮನೆಯಾಗುತ್ತವೆ. ಒರಟು ತೊಗಟೆಯ ಕಾಡುಮರಗಳು ಉಳಿದಿದ್ದರೆ ನೆರಳು ತೆಗೆಯುವಾಗ, ಅಂದರೆ ಕೊಂಬೆ ಸವರುವಾಗ, ಬುಡ ಉಳಿಸಿ.

ಕಲ್ಲಿನ ಸಂದಿಯಲ್ಲಿ, ಮೋರಿಯ ಒಳಗೆ ಬಟಾಣಿಯಷ್ಟು ಬಿಳಿ ಮೊಟ್ಟೆಗಳು ಜೋಡಿಜೋಡಿಯಾಗಿ ಅಂಟಿಕೊಂಡಿರುವುದು ಕಾಣಬಹುದು. ಹಲವು ಹೆಣ್ಣುಗಳು ಒಂದೇ ಜಾಗದಲ್ಲಿ ಇಡುತ್ತವೆ. ಗಟ್ಟಿ ಚಿಪ್ಪಿನ ಮೊಟ್ಟೆಗಳು ಕಲ್ಲಿಗೆ ಕಚ್ಚಿಕೊಂಡಿರುತ್ತವೆ, ಕೀಳಲು ಹೋದರೆ ಒಡೆಯುತ್ತವೆ. ಫೋಟೊ ತೆಗೆದು, ಎಷ್ಟಿವೆ ಎಣಿಸಿ, ದಿನಾಂಕ ಬರೆದು ಬಿಡಿ. ಕೆಲವು ವಾರ ಬಿಟ್ಟು ಅದೇ ಸಂದಿಗೆ ಹೋಗಿ ನೋಡಿದರೆ ಖಾಲಿ ಚಿಪ್ಪು ಸಿಗಬಹುದು. ಆ ದಿನಾಂಕವನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಿ.